ಮೊಣಕೈವರೆಗಿನ ತೋಳು

1996 ನವೆಂಬರ್ 3, ಭಾನುವಾರ

ಒಂದನೇ ದಿನ. ಮನೆಯಲ್ಲಿದ್ದ ರಮ್ಮನ್ನೆಲ್ಲ ಸಿಂಕಿಗೆ ಸುರಿದೆ. ಎಲ್ಲ ಎಂದರೆ, ಸೌದೆ ಕೊಟ್ಟಿಗೆಯಲ್ಲಿ ಒಂದು ಬಾಟಲಿ ಇದೆ. ಅದು ಕ್ಲೀವ್ ಇಟ್ಟದ್ದು. ಅವನು ದೋಣಿ ಸಮೇತ ಸಮುದ್ರದ ಪಾಲಾಗಿ ಮೂರು ವರ್ಷವಾಯಿತು, ಸತ್ತ ಗಂಡನ ಸಾಮಾನು ಚೆಲ್ಲಲು ನನಗೆ ಮನಸ್ಸು ಬರುವುದಿಲ್ಲ. ಅದರ ತಂಟೆಗೆ ಹೋಗದಿದ್ದರಾಯಿತು.

ಈ ನೋಟ್‌ಬುಕ್ಕು ನನ್ನ ಮಗಳು ಟ್ರೀನಾಳದು. ಮೊದಲ ನಾಲ್ಕು ಹಾಳೆಯಲ್ಲಿ ಅವಳ ಭಾಗಾಕಾರಗಳಿವೆ. ಎರಡು ತಪ್ಪು. ಉಳಿದ ಹಾಳೆ ನನಗೆ.

ಶುಕ್ರವಾರ ಮಕ್ಕಳ ಇಲಾಖೆಯ ಮಿಸೆಸ್ ಬ್ರಾಗ್ ಬಂದಿದ್ದಳು. ಚಹಾ ಬೇಡ ಅಂದಳು. ಈ ಊರಲ್ಲಿ ಚಹಾ ಬೇಡ ಅಂದವರು ಒಳ್ಳೆಯ ಸುದ್ದಿ ತಂದದ್ದಿಲ್ಲ.

“ಮೂರು ತಿಂಗಳು ಕುಡೀದೆ ಇದ್ರೆ, ಫೆಬ್ರವರಿ ಒಂದಕ್ಕೆ ಒಂದು ಗಂಟೆ ಮಗಳನ್ನ ನೋಡಬಹುದು. ನಾನೂ ಕೋಣೇಲಿ ಇರ್ತೀನಿ. ಅದಾದ ಮೇಲೆ ನ್ಯಾಯಾಧೀಶರು ತೀರ್ಮಾನ ಮಾಡ್ತಾರೆ.”

“ಏನು ತೀರ್ಮಾನ?”

“ಟ್ರೀನಾ ಈಗಿರೋ ಮನೆಯವರು, ಪೆನ್ನಿ ದಂಪತಿ, ಅವಳನ್ನ ದತ್ತು ಕೇಳಿದ್ದಾರೆ ವರ್ನಾ. ಕೊಟ್ಟರೆ ಅವಳು ಅವರ ಮಗಳು. ಆಮೇಲೆ ನೋಡಬೇಕು ಅಂದ್ರೂ ನೀವು ಅವರ ಅಪ್ಪಣೆ ಕೇಳಬೇಕು.”

ಅವಳ ಕೈಯಲ್ಲಿ ಹಳೆಯ ವರದಿ ಇತ್ತು. ಮಾರ್ಚ್ ತಿಂಗಳಲ್ಲಿ ಮಗು ಬರೀ ಅಂಗಿಯಲ್ಲಿ, ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ ನಡೆದು ಆಚೆ ದಡದ ಅಜ್ಜಿಯ ಮನೆಗೆ ಹೋಯಿತಂತೆ. ಮೈಮೇಲೆ ಬೆಚ್ಚನೆಯ ಉಡುಪು ಇರಲಿಲ್ಲವಂತೆ. ಎರಡು ಕಿವಿಗೂ ಹಿಮ ಕಚ್ಚಿತ್ತಂತೆ. ಸ್ವೆಟರ್ ಇರಲಿಲ್ಲವೇ? ಇತ್ತು. ಮರುದಿನ ನೋಡಿದರೆ ನನ್ನ ಮಂಚದ ಪಕ್ಕ ನೆಲದ ಮೇಲೆ ಬಿದ್ದಿತ್ತು. ಹುಡುಗಿ ಬಿಸಾಡಿ ಹೋದರೆ ಅದಕ್ಕೂ ನಾನೇ ಹೊಣೆಯೇ? ನಾನು ಮಲಗಿದ್ದೆ, ಅಷ್ಟೆ. ಮೇ ತಿಂಗಳಲ್ಲಿ ಭೇಟಿಗೆ ಹೋದಾಗ ಬಾಯಿ ವಾಸನೆ ಅಂದರು. ಅಂದಿನಿಂದ ಭೇಟಿಯೂ ಇಲ್ಲ.

ಒಂದು ಸ್ವೆಟರ್ ಹೆಣೆಯುತ್ತೇನೆ. ಗಾಳಿ ನುಗ್ಗದಂಥದ್ದು. ನ್ಯಾಯಾಧೀಶ ಕೈಯಲ್ಲಿ ಹಿಡಿದು ನೋಡಲಿ, ಬೆಚ್ಚನೆಯ ಉಡುಪು ಹೌದೋ ಅಲ್ಲವೋ ಎಂದು.

ನವೆಂಬರ್ 5

ಮೂರನೇ ದಿನ. ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಹಿಟ್ಟಿನ ಚೀಲ. ಒಳಗೆ ಬೂದು ಬಣ್ಣದ ಉಣ್ಣೆ, ಚರಕದಲ್ಲಿ ನೂತದ್ದು, ಒಂಬತ್ತು ಉಂಡೆ. ಈ ಕಿಲಿಕ್ ಹಾರ್ಬರಿನಲ್ಲಿ ಇನ್ನೂ ಕುರಿ ಸಾಕಿ ಉಣ್ಣೆ ನೂಲುವವಳು ಒಬ್ಬಳೇ. ಎಫಿ, ನನ್ನ ಅತ್ತೆ, ಕ್ಲೀವ್‌ನ ತಾಯಿ. ಅಂಗಡಿಯಲ್ಲಿ ನಾನು ಉಣ್ಣೆ ವಿಚಾರಿಸಿದ್ದು ಮುದುಕಿಯ ಕಿವಿಗೆ ಬಿದ್ದಿದೆ.

ಮಾರ್ಚ್‌ನಲ್ಲಿ ಇಲಾಖೆಗೆ ಫೋನ್ ಮಾಡಿದವಳೂ ಅವಳೇ. ತಾನೇ ಸಾಕುತ್ತೇನೆ ಅಂದರೆ ಕೊಡಲಿಲ್ಲ, ಎರಡು ಕಣ್ಣಿಗೂ ಪೊರೆ ಬಂದಿದೆ. ಹಾಗಾಗಿ ನನ್ನ ಮಗಳು ಊರು ಬಿಟ್ಟು ಕಂಡವರ ಪಾಲಾದಳು. ಈಗ ಉಣ್ಣೆ ಕೊಟ್ಟು ಕೈ ತೊಳೆದುಕೊಳ್ಳುವುದಕ್ಕೆ ಬಂದಿದ್ದಾಳೆ.

ಚೀಲವನ್ನು ಹಿಮಕ್ಕೆ ಎಸೆದೆ. ಮಧ್ಯಾಹ್ನ ಹೋಗಿ ಎತ್ತಿಕೊಂಡು ಬಂದೆ.

ನವೆಂಬರ್ 9

ಏಳನೇ ದಿನ. ಟ್ರೀನಾಳ ಹಳೆಯ ಸ್ಕೂಲ್ ಬ್ಲೌಸನ್ನು ಮೇಜಿನ ಮೇಲೆ ಹರಡಿ ಅಳತೆ ತೆಗೆದುಕೊಂಡೆ. ಸೂಜಿಗೆ ಉಣ್ಣೆಯ ಕುಣಿಕೆ ಹಾಕಲು ಕೂತರೆ ಕೈ ನಡುಗುತ್ತದೆ. ನಾಲ್ಕು ಸಲ ಹಾಕಿದೆ, ನಾಲ್ಕು ಸಲ ಎಣಿಕೆ ತಪ್ಪಿತು. ಐದನೇ ಸಲ ನೂರ ಅರವತ್ತು ಕುಣಿಕೆ ನಿಂತವು. ಬೆವರು ಸುರಿದು ಬೆನ್ನು ಒದ್ದೆಯಾಗಿತ್ತು. ಸ್ಟೌ ಆರಿ ಹೋಗಿತ್ತು.

ನವೆಂಬರ್ 24

ಇಪ್ಪತ್ತೆರಡು. ಒಂದು ಗೇಣು ಬೆಳೆದಿದೆ. ನಿದ್ದೆ ಇಲ್ಲ.

ಡಿಸೆಂಬರ್ 8

ಮೂವತ್ತಾರು. ಚರ್ಚಿನಿಂದ ನೇರ ಬಂದಳು ಮುದುಕಿ. ಕುರ್ಚಿ ತೋರಿಸುವ ಮೊದಲೇ ಕೂತಳು.

“ನೀನು ಕುಡೀತಿಲ್ಲ ಅಂತ ಕಾಗದಕ್ಕೆ ನಾನು ಸಹಿ ಹಾಕಬೇಕಂತೆ. ಬ್ರಾಗಮ್ಮ ಹೇಳಿದ್ಲು.”

“ಹೌದು. ಊರಲ್ಲಿ ಬೇರೆ ಯಾರೂ ಸಿಗಲಿಲ್ಲ ಅನ್ಸುತ್ತೆ ಅವಳಿಗೆ.”

“ಬೇರೆ ಯಾರ ಮಾತನ್ನೂ ನಂಬಲ್ಲ ಅಂದ್ಲು. ನೀನು ಬ್ರೆಡ್ ಕೊಯ್ಯೋ ಹಾಗಿದ್ರೆ ನಂಗೂ ಒಂದು ತುಂಡು ಕೊಡು. ಜಾಮ್ ಬೇಡ, ನಿನ್ನ ಜಾಮ್ ಹುಳಿ.”

ಹೆಣಿಗೆಯನ್ನು ನನ್ನ ಮಡಿಲಿಂದ ಎಳೆದುಕೊಂಡು ಬೆರಳಾಡಿಸಿದಳು. “ಅಗಲ ಸಾಲದು. ಎರಡೂ ಪಕ್ಕ ಎಂಟೆಂಟು ಕುಣಿಕೆ ಹೆಚ್ಚಿಸು. ತೋಳು ಭುಜದಿಂದ ಕೆಳಕ್ಕೆ ತಾನೇ?”

“ಹೌದು ಅತ್ತೆ. ನಾನು ಈ ಊರಲ್ಲೇ ಹುಟ್ಟಿದ್ದು.”

ಬೇರೆ ಕಡೆ ಮುಂಗೈಯಿಂದ ಶುರು ಮಾಡಿ ಮೇಲಕ್ಕೆ ಹೋಗುತ್ತಾರಂತೆ. ನಮ್ಮಲ್ಲಿ ಭುಜದಿಂದ ಕೆಳಕ್ಕೆ ಇಳಿಯುತ್ತೇವೆ. ಬಲೆ ಎಳೆದು ಎಳೆದು ಮುಂಗೈ ಸವೆದರೆ ಅಷ್ಟನ್ನೇ ಬಿಚ್ಚಿ ಹೊಸದು ಹೆಣೆಯಬಹುದು. ಮಕ್ಕಳದ್ದಾದರೆ ಕೈ ಬೆಳೆದ ಹಾಗೆ ಉದ್ದ ಮಾಡಬಹುದು.

“ಕ್ಲೀವ್‌ನ ಸ್ವೆಟರಿಗೆ ಹನ್ನೊಂದು ಸಲ ಮುಂಗೈ ಹಾಕಿದ್ದೆ,” ಅಂದಳು. ಹೋಗುವಾಗ ಎರಡನೇ ತುಂಡು ಬ್ರೆಡ್ಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡಳು.

ಡಿಸೆಂಬರ್ 25

ಐವತ್ತಮೂರು. ಟ್ರೀನಾಗೆ ಕಾರ್ಡ್ ಕಳಿಸಿದ್ದೆ. ಆ ಕಡೆಯಿಂದ ಏನೂ ಬರಲಿಲ್ಲ. ಆ ಮನೆಯಲ್ಲಿ ಕ್ರಿಸ್ಮಸ್ ಮರ ಚಾವಣಿ ಮುಟ್ಟುವಷ್ಟು ಎತ್ತರ ಇರುತ್ತದೆ, ಅವಳಿಗೆ ಬೇಕಾದ್ದೆಲ್ಲ ಅದರ ಕೆಳಗಿರುತ್ತದೆ. ನಾನು ಆಲೂಗಡ್ಡೆ ಬೇಯಿಸಿ ನಿಂತೇ ತಿಂದೆ. ಎದೆಯ ಭಾಗಕ್ಕೆ ಬಂದಿದ್ದೇನೆ.

ಡಿಸೆಂಬರ್ 27

ಐವತ್ತೈದು. ಹೊತ್ತು ಮುಳುಗುತ್ತಲೇ ಮುಸುಕಿನ ವೇಷದವರು ಬಂದರು. ಮುಖಕ್ಕೆ ದಿಂಬಿನ ಚೀಲ, ಗಂಡಸರು ಲಂಗದಂತೆ ಸುತ್ತಿದ ಪರದೆಯಲ್ಲಿ, ಹೆಂಗಸರು ಗಂಡಸರ ಮಳೆಕೋಟಿನಲ್ಲಿ. ಕ್ರಿಸ್ಮಸ್‌ನ ಹನ್ನೆರಡು ದಿನದೊಳಗೆ ಬಂದವರನ್ನು ಒಳಗೆ ಬಿಟ್ಟುಕೊಳ್ಳದಿದ್ದರೆ ಮನೆಗೆ ಒಳ್ಳೆಯದಲ್ಲ. ಬಿಟ್ಟುಕೊಂಡೆ. ಯಾರೆಂದು ಗುರುತು ಹಿಡಿದರೆ ಅವರು ಮುಸುಕು ತೆಗೆಯಬೇಕು, ನಾನು ಅವರಿಗೆ ಕುಡಿಯಲು ಕೊಡಬೇಕು. ಎಡಗಾಲಿನ ಬೂಟಿನ ತೇಪೆ ನೋಡಿಯೇ ಹೆಡ್ಲಿ ಎಂದು ಹೇಳಿಬಿಟ್ಟೆ. ಪಕ್ಕದ ಮನೆಯವನು, ಗೊತ್ತಾಗದೆ ಇರುತ್ತದೆಯೇ.

“ಮನೇಲಿ ಏನೂ ಇಲ್ಲ ಹೆಡ್ಲಿ,” ಅಂದೆ.

“ನಿಮ್ಮನೆಯಲ್ಲಿ ಏನೂ ಇಲ್ವಾ? ಹಾಗಾದ್ರೆ ಕೊಲ್ಲೀಲೂ ನೀರಿಲ್ಲ ಅನ್ನು,” ಅಂದ. ಎಲ್ಲರೂ ನಕ್ಕರು. ತನ್ನ ಕೋಟಿನಿಂದ ತನ್ನದೇ ಬಾಟಲಿ ತೆಗೆದ. ಹಬ್ಬದ ಮನೆಯಲ್ಲಿ ಬೇಡ ಅನ್ನಲಾದೀತೇ. ಒಂದೇ ಒಂದು, ಸಣ್ಣ ಲೋಟ.

ಅವರು ಹೋದ ಮೇಲೆ ಸೌದೆ ತರಲು ಕೊಟ್ಟಿಗೆಗೆ ಹೋಗಿಬಂದೆ. ಆಮೇಲೆ ಹೆಣೆದೆ. ಚೆನ್ನಾಗಿ ಬಂತು. ಕೈ ಹಗುರವಾಗಿ ಓಡಿತು, ಎಷ್ಟೋ ದಿನದಿಂದ ಹೀಗೆ ಓಡಿರಲಿಲ್ಲ.

ಡಿಸೆಂಬರ್ 28

ಐವತ್ತಾರು. ಹಬ್ಬದ ದಿನವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

1997 ಜನವರಿ 6

ಅರವತ್ತೈದು. ಇವತ್ತು ಎಫಿ ಸಹಿ ಹಾಕಲು ಬಂದಳು. ಕಾಗದ ಮೇಜಿನ ಮೇಲಿತ್ತು, ಪೆನ್ನೂ ಇತ್ತು. “ಮೊದಲು ಹೆಣಿಗೆ ಕೊಡು,” ಅಂದಳು.

ಅಂಚಿನಿಂದ ಬೆರಳು ಮೇಲಕ್ಕೆ ಬಂತು. ಎದೆಯ ಹತ್ತಿರ ನಿಂತಿತು. ಹಿಂದೆ ಹೋಯಿತು, ಮತ್ತೆ ಬಂತು.

“ಇಲ್ಲಿ,” ಅಂದಳು. “ನಾಲ್ಕು ಬೆರಳು ಅಗಲ. ಇಲ್ಲಿ ನೀನು ಕುಡಿದಿದ್ದೆ.”

“ಸುಮ್ಮನಿರಿ ಅತ್ತೆ. ಕೈ ಸ್ವಲ್ಪ ಸಡಿಲ ಆಗಿದೆ ಅಷ್ಟೆ.”

“ಕೆಳಗೆಲ್ಲ ಕಲ್ಲಿನ ಹಾಗಿದೆ, ನಡುಗ್ತಾ ನಡುಗ್ತಾ ಬಿಗಿಯಾಗಿ ಹೆಣೆದಿದ್ದೀಯ. ಇದು ಮೀನಿನ ಬಲೆ. ಕಣ್ಣಿಲ್ಲದವಳಿಗೆ ಸುಳ್ಳು ಹೇಳ್ಬೇಡ ಕಣೇ. ಯಾವತ್ತು?”

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. “ನೀವು ಫೋನ್ ಮಾಡದೆ ಇದ್ದಿದ್ರೆ ನನ್ನ ಮಗಳು ನನ್ನ ಹತ್ರ ಇರ್ತಿದ್ಲು. ನಿಮ್ಮ ಮಗ ಹೋದ, ಅದಕ್ಕೆ ನನ್ನ ಮಗಳನ್ನೂ ಕಳಿಸಿದ್ರಿ. ಈಗ ಇದನ್ನೂ ಹೋಗಿ ಹೇಳಿ. ಹೇಳಿ, ಹೊಟ್ಟೆ ತಣ್ಣಗಾಗಲಿ.”

ಅವಳು ಎದ್ದು ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. “ಆ ಹುಡುಗಿ ನಮ್ಮನೆ ಬಾಗಿಲಿಗೆ ಬಂದಾಗ ಏನಂದ್ಲು ಅಂತ ನಿಂಗೆ ಇವತ್ತಿನವರೆಗೂ ಹೇಳಿಲ್ಲ,” ಅಂದಳು. “‘ಅಜ್ಜೀ, ಅಮ್ಮ ಏಳ್ತಿಲ್ಲ, ಸತ್ತುಹೋಗಿದ್ದಾಳೆ’ ಅಂದ್ಲು. ನಾನು ಫೋನ್ ಮಾಡಿದ್ದು ಮೊದಲು ಡಾಕ್ಟರಿಗೆ. ನೀನು ಬದುಕಿದ್ದೀಯ ಅಂತ ಗೊತ್ತಾದ ಮೇಲೆ ಇಲಾಖೆಗೆ.”

ಸ್ಟೌ ಮೇಲಿನ ಕೆಟಲ್ ಕುದಿದು ಕುದಿದು ನೀರು ಇಂಗಿತು. ಇಳಿಸಲು ನಾನು ಏಳಲಿಲ್ಲ.

“ಬಿಚ್ಚು,” ಅಂದಳು. “ಯಾರಿಗೂ ಕಾಣದೆ ಇರಲಿ ಅಂತ ಅಲ್ಲ. ಅಲ್ಲಿ ಮಗು ಎದೆಗೆ ಗಾಳಿ ನುಗ್ಗುತ್ತೆ. ಕಾಗದ ಇಲ್ಲೇ ಇರಲಿ. ಹೋದ ಸಲ ನಾನು ಫೋನ್ ಮಾಡಿದೆ. ಈ ಸಲ ನೀನು ಮಾಡು.”

ಜನವರಿ 7

ಬೆಳಿಗ್ಗೆಯೇ ಬಿಚ್ಚಿದೆ. ಆಮೇಲೆ ಹೆಣೆದದ್ದೂ ಸೇರಿ ಒಂದು ಗೇಣಿನ ಮೇಲಾಯಿತು. ಎಳೆದರೆ ಸರಸರ ಬರುತ್ತದೆ, ಹೆಣೆಯಲು ಹನ್ನೊಂದು ದಿನ ಹಿಡಿದದ್ದು ಬಿಚ್ಚಲು ಒಂದು ಲೋಟ ಚಹಾ ಆರುವಷ್ಟು ಹೊತ್ತು. ಇನ್ನು ಇಪ್ಪತ್ತೈದು ದಿನ ಇದೆ. ಎದೆ, ಬೆನ್ನು, ಕುತ್ತಿಗೆ, ಎರಡು ತೋಳು. ಆಗುವ ಮಾತಲ್ಲ.

ಹನ್ನೊಂದಕ್ಕೆ ಮಿಸೆಸ್ ಬ್ರಾಗ್‌ಗೆ ಫೋನ್ ಮಾಡಿದೆ. ಡಿಸೆಂಬರ್ 27ಕ್ಕೆ ಕುಡಿದೆ ಅಂದೆ. ಒಂದು ಲೋಟವೇ ಎಂದು ಕೇಳಿದಳು. ಹೌದು ಎಂಬುದು ನಾಲಿಗೆಯ ತುದಿಯಲ್ಲಿತ್ತು. ಹೆಡ್ಲಿ ಕೊಟ್ಟದ್ದು ಒಂದು ಲೋಟ, ಆಮೇಲೆ ಕೊಟ್ಟಿಗೆಯಲ್ಲಿದ್ದ ಬಾಟಲಿ ಪೂರ್ತಿ ಅಂದೆ. ಅಲ್ಲಿ ಈಗ ಏನೂ ಇಲ್ಲ, ಅವತ್ತಿನಿಂದಲೇ ಇಲ್ಲ.

“ಇದನ್ನ ನಾನು ಬರ್ಕೊಳ್ಳಲೇಬೇಕು ವರ್ನಾ.”

“ಬರ್ಕೊಳ್ಳಿ.”

“ಭೇಟಿ ಇರುತ್ತೋ ಇಲ್ವೋ, ಈಗ ಹೇಳೋಕೆ ಆಗಲ್ಲ.”

ಫೋನ್ ಇಟ್ಟ ಮೇಲೆ ನೆಲದ ಮೇಲೆ ಕೂತು ಕಣ್ಣೀರು ಹಾಕಿದೆ. ಸುತ್ತ ಉಣ್ಣೆ, ಸುರುಳಿ ಸುರುಳಿ. ನನ್ನ ಕೈಯಾರೆ ಮಗಳನ್ನು ಬರೆದುಕೊಟ್ಟುಬಿಟ್ಟೆ ಅನ್ನಿಸಿತು.

ಜನವರಿ 14

ಸುದ್ದಿ ಇಲ್ಲ. ಬಿಚ್ಚಿದ ಉಣ್ಣೆ ತೊಳೆದು, ತುದಿಗೆ ಕಲ್ಲು ಕಟ್ಟಿ ಒಣಗಿಸಿದ್ದೆ, ಸುಕ್ಕು ಹೋಗಿದೆ. ಎದೆಯ ಭಾಗ ಮತ್ತೆ ಮುಗಿಯಿತು. ಇನ್ನೊಂದು ಹೆಂಗಸು ಅವಳ ಜಡೆ ಹಾಕುತ್ತಿರುತ್ತಾಳೆ. ಅಮ್ಮ ಎಂದು ಯಾರನ್ನು ಕರೆಯುತ್ತಾಳೋ. ಇದನ್ನು ಬರೆದರೆ ಕೈ ನಿಲ್ಲುತ್ತದೆ, ಆದ್ದರಿಂದ ಬರೆಯುವುದಿಲ್ಲ, ಹೆಣೆಯುತ್ತೇನೆ.

ಜನವರಿ 20

ಮಿಸೆಸ್ ಬ್ರಾಗ್ ಫೋನ್ ಮಾಡಿದ್ದಳು. ಭೇಟಿ ಉಂಟು. “ಅದೇ ಕೊನೇದೂ ಆಗಬಹುದು. ಮನಸ್ಸು ಗಟ್ಟಿ ಮಾಡ್ಕೊಂಡು ಬನ್ನಿ,” ಅಂದಳು. ಗಟ್ಟಿ ಮಾಡಿಕೊಳ್ಳುವುದು ಹೇಗೆ ಎಂದು ಹೇಳಲಿಲ್ಲ.

ಅತ್ತೆಗೆ ಹೇಳಲು ಮಂಜುಗಡ್ಡೆಯ ಮೇಲೆಯೇ ಆಚೆ ದಡಕ್ಕೆ ನಡೆದು ಹೋದೆ. ಕೋಟು ಹಾಕಿಕೊಂಡಿದ್ದೆ, ಟೋಪಿ, ಎರಡು ಜೊತೆ ಕೈಗವಸು. ಆದರೂ ಅರ್ಧದಲ್ಲಿ ನಿಂತುಬಿಟ್ಟೆ. ಕಿವಿಗೆ ಚಾಕು ಹಾಕಿದ ಹಾಗೆ ಗಾಳಿ. ಇಲ್ಲಿ, ಬರೀ ಅಂಗಿಯಲ್ಲಿ, ಹತ್ತು ವರ್ಷದ ಮಗು.

ಅತ್ತೆ ಬಟಾಣಿ ಸೂಪು ಬಡಿಸಿದರು.

ಜನವರಿ 27

ಅತ್ತೆ ದಿನಾ ಬರುತ್ತಿದ್ದಾರೆ. ಉಂಡೆ ಸುತ್ತಿಕೊಡುತ್ತಾರೆ, ಸೌದೆ ಹಾಕುತ್ತಾರೆ, ನನ್ನ ಜಾಮನ್ನು ಬೈದುಕೊಂಡು ತಿನ್ನುತ್ತಾರೆ. ಎಡಗೈ ತೋಳು ಬ್ಲೌಸಿನ ಅಳತೆಗೆ ಬಂತು. ಮುಗಿಸಿಬಿಡೋಣ ಎಂದರೆ ಬಿಡಲಿಲ್ಲ.

“ಬ್ಲೌಸ್ ನೋಡಿ ಮುಗಿಸ್ತೀಯಾ? ಬ್ಲೌಸು ಬೆಳೆಯಲ್ಲ ಕಣೇ. ಕುಣಿಕೆಗಳನ್ನ ದಾರಕ್ಕೆ ಏರಿಸಿ ಹಾಗೇ ಬಿಡು. ಬಲಗೈ ಎಷ್ಟಾಗುತ್ತೋ ಅಷ್ಟು.”

ಬಲಗೈ ಮೊಣಕೈ ದಾಟುವುದಿಲ್ಲ. ಅರ್ಧ ಸ್ವೆಟರ್ ಹಿಡಿದು ಹೋಗಬೇಕು.

ಕಾಗದಕ್ಕೆ ಅತ್ತೆ ಸಹಿ ಹಾಕಿದರು. “ಕುಡಿದಿಲ್ಲ” ಎಂಬುದನ್ನು ಹೊಡೆದು ಹಾಕಿಸಿ, ನನ್ನ ಕೈಯಲ್ಲೇ ಬರೆಸಿದರು: ಒಂದು ಸಲ ಕುಡಿದಳು, ಬಿಚ್ಚಿ ಮತ್ತೆ ಹೆಣೆದಳು. ನ್ಯಾಯಾಧೀಶನಿಗೆ ಇದರಿಂದ ಏನು ತಿಳಿಯುತ್ತದೋ.

ಫೆಬ್ರವರಿ 1, ಶನಿವಾರ

ಹೆಡ್ಲಿ ತನ್ನ ಪಿಕಪ್ಪಿನಲ್ಲಿ ಪಟ್ಟಣಕ್ಕೆ ಕರೆದುಕೊಂಡು ಹೋದ. ಎರಡು ಗಂಟೆಯ ದಾರಿ. ಇಳಿಯುವಾಗ, “ಅವತ್ತು ಬಾಟಲಿ ತೆಗೆದಿದ್ದು ನನ್ನ ತಪ್ಪು ವರ್ನಾ,” ಅಂದ. “ಕುಡಿದಿದ್ದು ನಾನು,” ಅಂದೆ.

ಬಾಗಿಲಲ್ಲಿ ಮಿಸೆಸ್ ಬ್ರಾಗ್ ಚೀಲ ತೆಗೆದು ನೋಡಿದಳು. ಐದು ಉಕ್ಕಿನ ಸೂಜಿಗಳನ್ನು ಹಿಡಿದು ಯೋಚಿಸಿದಳು. “ಬೇಡ ಅಂತ ನಿಯಮದಲ್ಲಿ ಎಲ್ಲೂ ಬರೆದಿಲ್ಲ,” ಎಂದು ವಾಪಸು ಇಟ್ಟಳು. “ಈಗ ಎಷ್ಟು ದಿನ ಆಯ್ತು?”

“ಡಿಸೆಂಬರ್ 27ರಿಂದ ಎಣಿಸ್ಕೊಳ್ಳಿ,” ಅಂದೆ.

ಪುಟ್ಟ ಮಕ್ಕಳ ಆಟದ ಸಾಮಾನು ತುಂಬಿದ ಕೋಣೆ. ಟ್ರೀನಾ ಬಂದಳು. ನನ್ನ ಭುಜಕ್ಕೆ ಬಂದಿದ್ದಾಳೆ. ಕೂದಲು ಕತ್ತರಿಸಿದ್ದಾರೆ, ಹೊಸ ನೇರಳೆ ಜಾಕೆಟ್. ಬಾಗಿಲ ಬಳಿಯೇ ನಿಂತಳು. ಆಮೇಲೆ ನೇರ ನನ್ನ ಹತ್ತಿರ ಬಂದು, ಮುಖವನ್ನು ನನ್ನ ಬಾಯಿಯ ಸಮೀಪ ತಂದು ಉಸಿರೆಳೆದುಕೊಂಡಳು. ಸ್ಕೂಲಿನಿಂದ ಬಂದ ಕೂಡಲೇ ದಿನಾ ಹೀಗೇ ಹತ್ತಿರ ಬರುತ್ತಿದ್ದಳು. ಮುತ್ತು ಕೊಡಲು ಎಂದುಕೊಂಡಿದ್ದೆ ಇಷ್ಟು ವರ್ಷ.

“ಚಹಾ,” ಅಂದಳು, ತನಗೆ ತಾನೇ. ಆಮೇಲೆ ಜಾಕೆಟ್ ಬಿಚ್ಚಿದಳು.

ಸ್ವೆಟರ್ ತೊಡಿಸಿದೆ. ಮೈಗೆ ಸರಿಯಾಗಿ ಕೂತಿತು, ಅತ್ತೆ ಹೆಚ್ಚಿಸಿದ ಕುಣಿಕೆಗಳ ಪುಣ್ಯ. ಎಡಗೈ ತೋಳು ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೆ ನಿಂತಿತು. ಬಲಗೈ ಮೊಣಕೈಗೇ.

“ಅರ್ಧ ಇದೆ,” ಅಂದಳು.

“ಟೈಮ್ ಸಾಲಲಿಲ್ಲ. ಬಿಚ್ಚಿ ಮತ್ತೆ ಹೆಣೆದೆ.”

“ಯಾಕೆ ಬಿಚ್ಚಿದೆ?”

ಮಿಸೆಸ್ ಬ್ರಾಗ್ ಪೆನ್ನು ಹಿಡಿದು ಮೂಲೆಯಲ್ಲಿ ಕೂತಿದ್ದಳು. “ಕ್ರಿಸ್ಮಸ್ ಆದ ಎರಡು ದಿನಕ್ಕೆ ಕುಡಿದೆ. ಕುಡಿದು ಹೆಣೆದದ್ದು ಸಡಿಲ ಬಂದಿತ್ತು.”

“ಎಲ್ಲಿ?”

ತೋರಿಸಿದೆ. ತನ್ನ ಎದೆಯ ಮೇಲೆ ಅಂಗೈ ಇಟ್ಟು ಒತ್ತಿ ನೋಡಿಕೊಂಡಳು. “ಈಗ ಗಟ್ಟಿ ಇದೆ.”

“ಕೈ ಚಾಚು,” ಅಂದೆ. “ಅಲ್ಲಾಡಬೇಡ.”

ದಾರದಿಂದ ಕುಣಿಕೆಗಳನ್ನು ಸೂಜಿಗೆ ತೆಗೆದುಕೊಂಡೆ. ಅವಳ ಮುಂಗೈ ಸುತ್ತ ನಾಲ್ಕು ಸೂಜಿ, ಐದನೆಯದು ನನ್ನ ಕೈಯಲ್ಲಿ. ಅವಳು ತೊಟ್ಟಿರುವ ಹಾಗೆಯೇ ಹೆಣೆದೆ. ಒಂದು ಸುತ್ತಾದ ಮೇಲೆ ಒಂದು ಸುತ್ತು, ಅವಳ ಕೈ ನನ್ನ ಮಡಿಲಲ್ಲಿ, ನಾಡಿ ಬಡಿಯುವುದು ನನ್ನ ಬೆರಳಿಗೆ ತಾಗುತ್ತಿತ್ತು. ಉಂಡೆಯನ್ನು ಅವಳೇ ಬಿಡಿಸಿ ಬಿಡಿಸಿ ಕೊಟ್ಟಳು. ಕೈ ನಡುಗಲಿಲ್ಲ.

“ನೀನು ಸತ್ತಿದ್ದೀಯ ಅಂದ್ಕೊಂಡಿದ್ದೆ,” ಅಂದಳು, ಸೂಜಿಗಳನ್ನೇ ನೋಡುತ್ತ.

“ಅಜ್ಜಿ ಹೇಳಿದ್ರು.”

“ತಣ್ಣಗಿದ್ದೆ. ಸ್ಟೌ ಆರಿತ್ತು. ಕಂಬಳಿ ನಿನ್ನ ಮೈ ಕೆಳಗೆ ಸಿಕ್ಕಿಕೊಂಡಿತ್ತು, ಎಳೆದ್ರೆ ಬರಲಿಲ್ಲ. ಅದಕ್ಕೆ ನನ್ನ ಸ್ವೆಟರ್ ಬಿಚ್ಚಿ ನಿಂಗೆ ಹೊದಿಸಿ ಹೋದೆ.”

ಎಂಟು ಕುಣಿಕೆ ಸೂಜಿಯಿಂದ ಜಾರಿದವು. ನನಗೆ ಕಣ್ಣು ಕಾಣಲಿಲ್ಲ. ಹನ್ನೊಂದು ತಿಂಗಳು ಆ ಸ್ವೆಟರನ್ನು ಅವಳು ಬಿಸಾಡಿದ್ದು ಎಂದುಕೊಂಡಿದ್ದೆ. ಈ ಪುಸ್ತಕದ ಮೊದಲ ಪುಟದಲ್ಲಿ ಹಾಗೇ ಬರೆದಿದ್ದೇನೆ. ಬಿದ್ದ ಕುಣಿಕೆಗಳನ್ನು ಟ್ರೀನಾಳೇ ಇನ್ನೊಂದು ಕೈಯ ಬೆರಳಿನಿಂದ ಒತ್ತಿ ಹಿಡಿದುಕೊಂಡಳು, ನಾನು ಮತ್ತೆ ಎತ್ತಿಕೊಳ್ಳುವವರೆಗೆ.

ಗಂಟೆ ಮುಗಿಯುವಷ್ಟರಲ್ಲಿ ಎಡಗೈ ಮುಗಿಯಿತು. ಮಿಸೆಸ್ ಬ್ರಾಗ್ ಐದು ನಿಮಿಷ ಹೆಚ್ಚೇ ಕೊಟ್ಟಳು, ಗಡಿಯಾರವನ್ನು ನೋಡದವಳಂತೆ. “ಸ್ವೆಟರ್ ಅಮ್ಮನ ಹತ್ರ ಕೊಡು ಟ್ರೀನಾ. ಬಲಗೈ ಮುಗಿಸಿ ಅಂಚೆಯಲ್ಲಿ ಕಳಿಸ್ತಾರೆ.”

“ಬೇಡ,” ಅಂದಳು. “ಅಳತೆ ತಪ್ಪುತ್ತೆ.” ಜಾಕೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು, ಒಂದು ತೋಳು ಪೂರ್ತಿ, ಒಂದು ತೋಳು ಮೊಣಕೈವರೆಗೆ, ದಾರ ನೇತಾಡುತ್ತ, ಹಾಗೇ ಹೊರಟಳು. ಉಂಡೆ ಅವಳ ಜೇಬಿನಲ್ಲಿತ್ತು.

ಫೆಬ್ರವರಿ 12

ತೀರ್ಮಾನ ಬಂತು. ದತ್ತು ಈಗ ಕೊಡುವುದಿಲ್ಲ. ಮಗಳನ್ನು ನನಗೂ ಕೊಡುವುದಿಲ್ಲ. ಆರು ತಿಂಗಳು ಬಿಟ್ಟು ಮತ್ತೆ ನೋಡುತ್ತಾರೆ. ಅಲ್ಲಿಯವರೆಗೆ ಪ್ರತಿ ಶನಿವಾರ ಒಂದು ಗಂಟೆ.

ಕಾಗದವನ್ನು ಅತ್ತೆಗೆ ಎರಡು ಸಲ ಓದಿ ಹೇಳಿದೆ. ಆರು ತಿಂಗಳೆಂದರೆ ಆಗಸ್ಟ್. ಅಷ್ಟು ದಿನ ಹೇಗೆ ಬದುಕುವುದೋ ಗೊತ್ತಿಲ್ಲ.

“ಒಂದು ತೋಳಿಗೆ ಆರು ತಿಂಗಳು ಬೇಕಾ ಅತ್ತೆ,” ಅಂದೆ. “ಈ ಶನಿವಾರವೇ ಮುಗಿದುಹೋಗುತ್ತೆ.”

ಅತ್ತೆ ನನ್ನ ಹುಳಿ ಜಾಮನ್ನು ಬ್ರೆಡ್ಡಿಗೆ ಹಚ್ಚಿಕೊಳ್ಳುತ್ತಿದ್ದರು. “ಎಲ್ಲಿ ಮುಗಿಯುತ್ತೆ,” ಅಂದರು. “ಹುಡುಗಿ ಬೆಳೀತಾಳೆ ಕಣೇ. ಉಣ್ಣೆ ಇನ್ನೂ ನೂತಿಡ್ತೀನಿ.”